ರಾಕ್‌ಸ್ಮಿತ್ ಇಟ್ಟುಕೊಂಡು ಗಿಟಾರ್ ಮರಳಿ ಕಲಿತದ್ದು, ಮಲೆನಾಡಿನ ಮಳೆಗಾಲವೂ ಸೇರಿ

ಕಾಲೇಜಿನ ದಿನಗಳಲ್ಲಿ ನುಡಿಸಿ ಬಿಟ್ಟ ಗಿಟಾರನ್ನು ದೊಡ್ಡವರಾದ ಮೇಲೆ ಮತ್ತೆ ಹಿಡಿದರೆ ಕಾರ್ಡುಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಜಾಗ ಬೇಗ ನೆನಪಾಗುತ್ತದೆ. ಬರದೇ ಇರುವುದು ಲಯ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ಅರೆಕ್ಷಣ ನಿಲ್ಲುತ್ತದೆ, ಒಬ್ಬರೇ ನುಡಿಸುವಾಗ ಅದು ಗೊತ್ತೂ ಆಗುವುದಿಲ್ಲ. ಮ್ಯೂಸಿಕ್ ಗೇಮ್ ಕೆಲಸಕ್ಕೆ ಬರುವುದು ಇಲ್ಲೇ, ಹಾಡು ನಮಗೋಸ್ಕರ ಕಾಯುವುದಿಲ್ಲ.

2005ರ ಗಿಟಾರ್ ಹೀರೋದಲ್ಲಿ ಇದ್ದದ್ದು ಐದು ಬಣ್ಣದ ಗುಂಡಿಗಳ ಪ್ಲಾಸ್ಟಿಕ್ ಗಿಟಾರು. ಅದರಿಂದ ತಾಳಕ್ಕೆ ಲಾಭ ಉಂಟು, ಬೆರಳಿಗೆ ಇಲ್ಲ. 2011ರಲ್ಲಿ ಬಂದ ರಾಕ್‌ಸ್ಮಿತ್ ಅನ್ನುವ ಆಟ ನಿಜವಾದ ಗಿಟಾರನ್ನೇ ಯುಎಸ್‌ಬಿ ಕೇಬಲ್ ಮೂಲಕ ಕೇಳಿಸಿಕೊಳ್ಳುತ್ತದೆ. ನಾನು ಬಳಸುವುದು ಅದರ 2014 ಆವೃತ್ತಿ, ಲ್ಯಾಪ್‌ಟಾಪಿನಲ್ಲಿ. ಮುಂದೆ ಬರೆದ ಎಲ್ಲದರ ಹಿಂದೆ ಇರುವ ವಿಷಯ ಒಂದೇ: ಈ ಆಟಕ್ಕೆ ಕೇಳಿಸುವುದು ಸ್ವರ ಮತ್ತು ಕಾಲ, ಅಷ್ಟೇ. ಯಾವ ಬೆರಳಿಟ್ಟಿರಿ, ಪಿಕ್ (ತಂತಿ ಮೀಟುವ ಬಿಲ್ಲೆ) ಕೆಳಗೆ ಹೋಯಿತೋ ಮೇಲೆ ಬಂತೋ, ಪಕ್ಕದ ತಂತಿ ಗುಂಯ್‌ಗುಟ್ಟಿತೋ, ಇದರ ಲೆಕ್ಕ ಅದು ಇಡುವುದಿಲ್ಲ. ಅದನ್ನು ನಾವೇ ಇಟ್ಟುಕೊಳ್ಳಬೇಕು.

ಮೊದಲು ಗಿಟಾರನ್ನು ಸರಿ ಮಾಡಿಕೊಳ್ಳಿ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಗಿಟಾರಿಗೆ ಹಳೇ ತಂತಿಯಲ್ಲೇ ಆಟ ಶುರು ಮಾಡಬೇಡಿ. ಸತ್ತ ತಂತಿಯಲ್ಲಿ ನಾದದ ಮೇಲಿನ ಪದರಗಳು ಉಳಿದಿರುವುದಿಲ್ಲ, ಕಾರ್ಡ್ ಸರಿಯಾಗಿ ಹಿಡಿದರೂ ಆಟ 'ಮಿಸ್' ಅನ್ನುತ್ತದೆ. ಎಲೆಕ್ಟ್ರಿಕ್ ಗಿಟಾರಾದರೆ ಅತಿ ಸಣ್ಣ ತಂತಿ 0.009 ಅಥವಾ 0.010 ಇಂಚು ದಪ್ಪವಿರುವ ಸೆಟ್ ಹಾಕಿ. 12ನೇ ಫ್ರೆಟ್ಟಿನ (ಬೆರಳಹಲಗೆಯ ಅಡ್ಡ ಲೋಹದ ಪಟ್ಟಿಯ) ಮೇಲೆ ತಂತಿಯ ಎತ್ತರ ದಪ್ಪ ತಂತಿಗೆ ಸುಮಾರು 2 ಮಿಮೀ, ಸಣ್ಣ ತಂತಿಗೆ 1.5 ಮಿಮೀ ಇದ್ದರೆ ಒಳ್ಳೆಯದು. ಇದಕ್ಕಿಂತ ಎತ್ತರವಾದರೆ ಒತ್ತಿದಾಗ ತಂತಿ ಎಳೆದು ಸ್ವರ ಮೇಲೇರುತ್ತದೆ, ಬೆರಳೂ ಬೇಗ ಸೋಲುತ್ತದೆ. ಕೊನೆಗೆ 12ನೇ ಫ್ರೆಟ್ಟಿನ ಹಾರ್ಮಾನಿಕ್ಕನ್ನೂ (ಒತ್ತದೆ ಬರೇ ಬೆರಳು ತಾಗಿಸಿ ಮೀಟಿದ ಸ್ವರ) ಅದೇ ಫ್ರೆಟ್ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಹೆಚ್ಚಿದ್ದರೆ ಬ್ರಿಡ್ಜಿನ ಸ್ಯಾಡಲನ್ನು (ಕೆಳತುದಿಯಲ್ಲಿ ತಂತಿ ಕೂರುವ ತುಂಡನ್ನು) ಹಿಂದಕ್ಕೆ, ಕಡಿಮೆ ಇದ್ದರೆ ಮುಂದಕ್ಕೆ ಸರಿಸಿ. ಕಿವಿಯಿಂದ ನುಡಿಸುವವರು ಇಷ್ಟನ್ನು ಹೇಗೋ ಸಂಭಾಳಿಸುತ್ತಾರೆ, ಆಟ ಸಂಭಾಳಿಸುವುದಿಲ್ಲ.

ಆಮೇಲಿನದು ವಿಳಂಬ, ಅಂದರೆ ತಂತಿ ಮೀಟಿದ್ದಕ್ಕೂ ಸದ್ದು ಕಿವಿಗೆ ಬೀಳುವುದಕ್ಕೂ ನಡುವಿನ ತಡ. ಎಷ್ಟೋ ಜನ ಆಟವನ್ನು ಕೈಬಿಡುವುದು ಇದರಿಂದಲೇ, ಆದರೆ ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಸುಮಾರು 3.4 ಮೀಟರ್ ಹೋಗುತ್ತದೆ, ಅಷ್ಟು ತಡವನ್ನು ಕೈ ತಾಳಿಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ 100 ಮಿಲಿಸೆಕೆಂಡನ್ನು ಸುಲಭವಾಗಿ ದಾಟುತ್ತದೆ, ಅದರಲ್ಲಿ ಯಾರಿಗೂ ನುಡಿಸಲಾಗುವುದಿಲ್ಲ. ಟಿವಿಗೆ ಎಚ್‌ಡಿಎಂಐ ಮೂಲಕ ಸದ್ದು ಕಳಿಸಿದರೂ ಟಿವಿ ತನ್ನ ಸಂಸ್ಕರಣೆಗೆ ಸಮಯ ತಿನ್ನುತ್ತದೆ. ಹಾಗಾಗಿ ಚಿತ್ರ ಟಿವಿಯಲ್ಲಿರಲಿ, ಸದ್ದನ್ನು ಮಾತ್ರ ಲ್ಯಾಪ್‌ಟಾಪಿನ 3.5 ಮಿಮೀ ತೂತಿನಿಂದ ವೈರಿನ ಹೆಡ್‌ಫೋನಿಗೆ ತೆಗೆದುಕೊಳ್ಳಿ. ಟಿವಿಯನ್ನು ಗೇಮ್ ಮೋಡಿನಲ್ಲಿಡಿ.

ವಿಂಡೋಸ್‌ನಲ್ಲಿ ಕೇಬಲನ್ನು ಯುಎಸ್‌ಬಿ ಹಬ್‌ಗೆ ಚುಚ್ಚದೆ ನೇರ ಲ್ಯಾಪ್‌ಟಾಪಿಗೆ ಹಾಕಿ. ಸೌಂಡ್ ಸೆಟ್ಟಿಂಗಿನಲ್ಲಿ ಕೇಬಲ್ ಮತ್ತು ಹೆಡ್‌ಫೋನ್ ಎರಡಕ್ಕೂ 48000 ಹರ್ಟ್ಸ್ ಇರಲಿ, 'ಎನ್‌ಹ್ಯಾನ್ಸ್‌ಮೆಂಟ್' ಎಲ್ಲ ಆಫ್. ಎಲ್ಲ ಸರಿಯಿದ್ದೂ ಆಟಕ್ಕೆ ಏನೂ ಕೇಳಿಸದಿದ್ದರೆ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕ್ರೋಫೋನ್ ಅನುಮತಿ ಮುಚ್ಚಿದೆಯೇ ನೋಡಿ, ವಿಂಡೋಸ್ ಈ ಕೇಬಲನ್ನು ಮೈಕ್ ಅಂತಲೇ ಲೆಕ್ಕ ಹಾಕುತ್ತದೆ. ಆಟದ ಫೋಲ್ಡರಿನಲ್ಲಿರುವ ರಾಕ್‌ಸ್ಮಿತ್ ಐಎನ್‌ಐ ಫೈಲಿನಲ್ಲಿ 'ಲೇಟೆನ್ಸಿ ಬಫರ್' ಅಂತ ಒಂದು ಸಾಲು ಇದೆ. 4ರಿಂದ ಶುರು ಮಾಡಿ ಒಂದೊಂದೇ ಇಳಿಸಿ, ಸದ್ದು ಚಿಟಿಚಿಟಿ ಅನ್ನತೊಡಗಿದ ಕೂಡಲೇ ಒಂದು ಹಿಂದೆ ಬನ್ನಿ. ಆಟ ಕ್ಯಾಲಿಬ್ರೇಷನ್ (ಗಿಟಾರಿನ ಸದ್ದಿನ ಅಳತೆ) ಕೇಳಿದಾಗ ಗಿಟಾರಿನ ವಾಲ್ಯೂಮ್ ಪೂರ್ತಿ ತಿರುಗಿಸಿ, ಹಾಡಿನಲ್ಲಿ ನುಡಿಸುವಷ್ಟೇ ಜೋರಾಗಿ ಮೀಟಿ. ಮೆಲ್ಲಗೆ ಮೀಟಿದರೆ ಆಮೇಲೆ ಎಲ್ಲ ಅಳತೆಯೂ ತಪ್ಪುತ್ತದೆ.

ಹಮ್, ಅಂದರೆ ಕರೆಂಟಿನಿಂದ ಸೇರುವ ಗುಂಯ್ ಸದ್ದು, ನಮ್ಮ ಕಡೆಯ ಮನೆಗಳಲ್ಲಿ ಬೇರೆಯೇ ಕಥೆ. ಲ್ಯಾಪ್‌ಟಾಪ್ ಚಾರ್ಜರನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕಿದರೆ ಅರ್ಥಿಂಗ್ ಸಿಗದೆ ಗುಂಯ್ ಅನ್ನುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿ ನೋಡಿ, ಸದ್ದು ನಿಂತರೆ ಕಾರಣ ಅದೇ. ಮೂರು ಪಿನ್ನಿನ ಸಾಕೆಟ್ಟಿದ್ದೂ ಬೇಸಿಗೆಯಲ್ಲಿ ಹಮ್ ಹೆಚ್ಚಿದರೆ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿರಬಹುದು, ನಾಲ್ಕು ಕೊಡ ನೀರು ಹೊಯ್ದು ನೋಡಿ, ಆಗದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮನೆ ನಡೆಯುವಾಗ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) ಗಿಟಾರು ನುಡಿಸುವುದೇ ಬೇಡ, ಹಮ್ ಅಡಗಿಸುವ ಜೋಡಿ ಸುರುಳಿಯ ಹಮ್‌ಬಕರ್ ಇದ್ದರೆ ಪರವಾಗಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿತು ಅಂದರೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡಿ. ಕೇಬಲ್ಲು, ಲ್ಯಾಪ್‌ಟಾಪು, ಹೆಡ್‌ಫೋನು, ನಿಮ್ಮ ಮೈ ಎಲ್ಲ ಒಂದೇ ಸರಪಳಿಯಲ್ಲಿರುತ್ತವೆ.

ಆರಿದ್ರಾ ಮಳೆ ಹಿಡಿದ ಮೇಲೆ ಶ್ರಾವಣ ಕಳೆಯುವವರೆಗೆ ತೇವದ ಜೊತೆ ಗುದ್ದಾಟ. ಗಿಟಾರಿಗೆ ಹಿತವಾದದ್ದು 45ರಿಂದ 55 ಶೇಕಡಾ ಆರ್ದ್ರತೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಬಿಡದ ದಿನಗಳಲ್ಲಿ ಮನೆಯೊಳಗೇ ಮೀಟರು 85 ದಾಟಿ ನಿಲ್ಲುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ, ಅಕೂಸ್ಟಿಕ್ ಗಿಟಾರಿನ ಹೊಟ್ಟೆ ಮೇಲೆದ್ದು ತಂತಿಯ ಎತ್ತರ ಹೆಚ್ಚುತ್ತದೆ. ನೆಕ್ಕಿನ ಬಾಗು ನೋಡಲು ಒಂದೇ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ ಕೊನೇ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು 7ನೇ ಫ್ರೆಟ್ಟಿನ ಹತ್ತಿರ ಸಂದು ನೋಡಿ, 0.2 ಮಿಮೀ ಆಸುಪಾಸು ಇರಬೇಕು. ಟ್ರಸ್ ರಾಡನ್ನು (ನೆಕ್ಕಿನ ಒಳಗೆ ಬಾಗು ಹೊಂದಿಸುವ ಸರಳನ್ನು) ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಮಳೆಗಾಲದ ಮಧ್ಯೆ ಮಾಡಿದ ಅಳತೆ ಬೇಸಿಗೆಗೆ ಹೊಂದುವುದಿಲ್ಲ, ವರ್ಷಕ್ಕೆ ಎರಡು ಸಲ ಈ ಕೆಲಸ ಇದ್ದದ್ದೇ.

ಗೋಡೆಗೆ ನೇತು ಹಾಕುವುದು ನೋಡಲು ಚಂದ, ಮಲೆನಾಡಿನ ಮಣ್ಣಿನ ಗೋಡೆಗೆ ಮಾತ್ರ ಬೇಡ. ಗಟ್ಟಿ ಪೆಟ್ಟಿಗೆಯಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇಟ್ಟು ಮುಚ್ಚಿ. ಹರಳು ಹಸಿರಾದರೆ ನೀರು ತುಂಬಿತು ಅಂತ ಅರ್ಥ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಮನೆಯಲ್ಲಿ ಹುರಿಯಬೇಡಿ. ಗಿಟಾರನ್ನು ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಅಂಟು ಬಿಡುತ್ತದೆ. ಬೆರಳಹಲಗೆ ಬೀಟೆ ಮರದ್ದಾದರೆ ಎಣ್ಣೆ ಒರೆಸುವುದು ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಸಾಕು, ಮಳೆಯಲ್ಲಿ ಅದಕ್ಕೆ ಬೇರೆ ಪೋಷಣೆ ಬೇಡ. ತಂತಿಯನ್ನು ನುಡಿಸಿ ಮುಗಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಲ್ಲಿ, ಅಡಿಭಾಗವೂ ಸೇರಿ, ಒರೆಸಿ. ಅಡಿಕೆ ಸುಲಿಯುವ ದಿನಗಳಲ್ಲಿ ಕೈಯ ಅಂಟು ಪೂರ್ತಿ ತೊಳೆದು ಒಣಗಿಸಿಯೇ ಗಿಟಾರು ಮುಟ್ಟಿ. ಮೇಲೆ ತೆಳು ಲೇಪವಿರುವ ಕೋಟೆಡ್ ತಂತಿಗೆ ದುಡ್ಡು ಹೆಚ್ಚಾದರೂ ಇಲ್ಲಿಯ ಹವೆಗೆ ಅದೇ ಲಾಭ. ಹಪ್ಪಳ, ಕಟ್ಟಿಗೆ ಕೂಡಿಡುವ ಹಾಗೆ ಮೇ ತಿಂಗಳಲ್ಲೇ ಎರಡು ಸೆಟ್ ತರಿಸಿಡಿ.

ಇನ್ನು ಅಭ್ಯಾಸ. ಮೊದಲ ಕೆಲವು ವಾರ ದಿನಕ್ಕೆ ಎರಡು ಸಲ, 15 ನಿಮಿಷದಂತೆ. ಬೆರಳ ತುದಿ ಜಡ್ಡುಗಟ್ಟುವುದು ಬಿಡುವಿನಲ್ಲಿ. ಸ್ನಾನ ಮಾಡಿದ ಕೂಡಲೇ, ಪಾತ್ರೆ ತೊಳೆದ ಕೂಡಲೇ ಚರ್ಮ ಮೆತ್ತಗಿರುತ್ತದೆ, ಅರ್ಧ ಗಂಟೆ ಬಿಟ್ಟು ಕೂರಿ.

ಆಟ ತಾನಾಗಿ ಕಷ್ಟವನ್ನು ಏರಿಳಿಸುತ್ತದೆ. ಮೊದಲು ನಾಲ್ಕು ಸ್ವರ ತೋರಿಸಿ, ಸರಿ ನುಡಿಸಿದರೆ ಇನ್ನಷ್ಟು ಸೇರಿಸುತ್ತದೆ. ಹೊಸಬರಿಗೆ ಒಳ್ಳೆಯದೇ, ಮರಳಿ ಕಲಿಯುವವರಿಗೆ ಇದರಲ್ಲೊಂದು ಹೊಂಡವಿದೆ. ಜಿ ಪವರ್ ಕಾರ್ಡಿನಿಂದ (ಮೂಲ ಸ್ವರ ಮತ್ತು ಪಂಚಮ ಮಾತ್ರ ಇರುವ ಕಾರ್ಡ್) ಸಿ ಪವರ್ ಕಾರ್ಡಿಗೆ ಹೋಗುವ ಜಾಗ ತೆಗೆದುಕೊಳ್ಳಿ. ಕೆಳಗಿನ ಮಟ್ಟದಲ್ಲಿ ಆಟ ತೋರಿಸುವುದು ಮೂಲ ಸ್ವರ ಮಾತ್ರ: 6ನೇ ತಂತಿಯ (ಎಲ್ಲಕ್ಕಿಂತ ದಪ್ಪ ತಂತಿ) 3ನೇ ಫ್ರೆಟ್, ಆಮೇಲೆ 5ನೇ ತಂತಿಯ 3ನೇ ಫ್ರೆಟ್. ಯಾವ ಬೆರಳಾದರೂ ನಡೆಯುತ್ತದೆ, ಅಂಕ ಬರುತ್ತದೆ. ಮುಂದಿನ ಮಟ್ಟದಲ್ಲಿ 5ನೇ ಫ್ರೆಟ್ಟಿನ ಸ್ವರ ಸೇರಿದಾಗ ನಡುಬೆರಳಲ್ಲಿ ರೂಢಿ ಮಾಡಿಕೊಂಡ ಕೈ ಪೂರ್ತಿ ಜಾಗ ಬದಲಿಸಬೇಕಾಗುತ್ತದೆ. ಆದ್ದರಿಂದ ಒಂದೇ ಸ್ವರ ಕೇಳಿದರೂ ತೋರುಬೆರಳಲ್ಲೇ ಒತ್ತಿ, ಉಂಗುರ ಬೆರಳನ್ನು ಪಕ್ಕದ ತಂತಿಯ 5ನೇ ಫ್ರೆಟ್ಟಿನ ಮೇಲೆ ಮುಟ್ಟದಂತೆ ಸಿದ್ಧ ಹಿಡಿದಿರಿ.

ಇನ್ನೂ ಒಳ್ಳೆಯ ದಾರಿ ರಿಫ್ ರಿಪೀಟರ್, ಹಾಡಿನ ಒಂದು ತುಂಡನ್ನೇ ಮತ್ತೆ ಮತ್ತೆ ನುಡಿಸುವ ಆಟದ ಸೌಲಭ್ಯ. ಕಷ್ಟವನ್ನು ಶೇಕಡಾ 100ಕ್ಕೆ ಏರಿಸಿ, ವೇಗವನ್ನು ಶೇಕಡಾ 60ಕ್ಕೆ ಇಳಿಸಿ. ಎಲ್ಲ ಸ್ವರಗಳನ್ನು ನಿಧಾನಕ್ಕೆ ನುಡಿಸುವುದರಲ್ಲಿ ಬೆರಳಿನ ದಾರಿ ಬದಲಾಗುವುದಿಲ್ಲ. ಸಣ್ಣ ತುಂಡು ಆರಿಸಿ, ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ವೇಗಕ್ಕೆ 5 ಸೇರಿಸಿ. 100 ಮುಟ್ಟಿದ ಮೇಲೆ ಹಿಂದಿನ ತುಂಡನ್ನೂ ಸೇರಿಸಿಕೊಂಡು ನುಡಿಸಿ. ಹಾಡು ಮುರಿಯುವುದು ತುಂಡಿನ ನಡುವೆ ಅಲ್ಲ, ಎರಡು ತುಂಡು ಕೂಡುವಲ್ಲಿ.

ರಾಕ್‌ಸ್ಮಿತ್ ಒಳಗೇ ಇರುವ ಗಿಟಾರ್‌ಕೇಡಿನ ಚಿಕ್ಕ ಆಟಗಳನ್ನು 5 ನಿಮಿಷಕ್ಕಿಂತ ಹೆಚ್ಚು ಆಡುವುದಿಲ್ಲ. ಕಣ್ಣು ಪರದೆಯ ಮೇಲಿಟ್ಟು ಫ್ರೆಟ್ ಹುಡುಕಲು ಡಕ್ಸ್ ರೀಡಕ್ಸ್, ಕಾರ್ಡ್ ಬದಲಾವಣೆಗೆ ರಿಟರ್ನ್ ಟು ಕ್ಯಾಸಲ್ ಕಾರ್ಡೆಡ್, ಬೆಂಡಿಗೆ (ತಂತಿ ತಳ್ಳಿ ಸ್ವರ ಏರಿಸುವುದಕ್ಕೆ) ಟೆಂಪಲ್ ಆಫ್ ಬೆಂಡ್ಸ್. ಬೆಂಡಿನ ಅಳತೆ ಕಿವಿಯಲ್ಲೇ ಸಿಗಬೇಕು: 2ನೇ ತಂತಿಯ 10ನೇ ಫ್ರೆಟ್ ನುಡಿಸಿ ಕೇಳಿ, ಆಮೇಲೆ 8ನೇ ಫ್ರೆಟ್ ಒತ್ತಿ ಆ ಸ್ವರ ಮುಟ್ಟುವವರೆಗೆ ತಳ್ಳಿ. ಉಂಗುರ ಬೆರಳಿನ ಹಿಂದೆ ಇನ್ನೆರಡು ಬೆರಳು ಒತ್ತಾಸೆಗಿರಲಿ, ತಿರುವು ಮಣಿಕಟ್ಟಿನಿಂದ ಬರಲಿ. ಸುಗಮ ಸಂಗೀತ ಕೇಳಿ ಬೆಳೆದ ಕಿವಿಗೆ ಅರೆಕೊರೆ ಬೆಂಡು ತಕ್ಷಣ ಗೊತ್ತಾಗುತ್ತದೆ, ಆ ಕಿವಿಯನ್ನೇ ನಂಬಿ.

ದಿನದ ಕೊನೆಯ 10 ನಿಮಿಷ ಪರದೆ ಆಫ್. 5ನೇ ತಂತಿ ಬಿಟ್ಟು ಮೀಟಿದ ಸ್ವರವೂ 6ನೇ ತಂತಿಯ 5ನೇ ಫ್ರೆಟ್ಟಿನ ಸ್ವರವೂ ಒಂದೇ, ಹಾಗಾಗಿ ತಪ್ಪು ಜಾಗದಲ್ಲಿ ನುಡಿಸಿಯೂ ಅಂಕ ಗಳಿಸಿರಬಹುದು. ಕಾರ್ಡಿನಲ್ಲಿ ಒಂದು ತಂತಿ ನುಡಿಯದಿದ್ದರೂ ಆಟ ಬಹಳ ಸಲ ಬಿಟ್ಟುಕೊಡುತ್ತದೆ. ಅದೇ ತುಂಡನ್ನು ಮೆಟ್ರೊನೋಮಿನ (ತಾಳ ಬಡಿಯುವ ಯಂತ್ರ ಇಲ್ಲವೇ ಆ್ಯಪ್) ಜೊತೆ ನುಡಿಸಿ, ಫೋನನ್ನು ಒಂದು ಮೀಟರ್ ದೂರ ಇಟ್ಟು ರೆಕಾರ್ಡ್ ಮಾಡಿ. ಕೇಳುವಾಗ ಎರಡೇ ವಿಷಯ ಗಮನಿಸಿ: ಕಾರ್ಡ್ ಬದಲಾಗುವಾಗ ಯಾವ ತಂತಿ ಸುಮ್ಮನೆ ಮೊಳಗುತ್ತಿದೆ, ಎಲ್ಲಿ ತಾಳ ಮುಗ್ಗರಿಸುತ್ತಿದೆ. ಮೊದಲಿನದಕ್ಕೆ ಬಲಗೈ ಅಂಗೈ ಅಂಚನ್ನು ದಪ್ಪ ತಂತಿಗಳ ಮೇಲೆ, ಎಡಗೈ ತೋರುಬೆರಳ ಅಡಿಯನ್ನು ಸಣ್ಣ ತಂತಿಗಳ ಮೇಲೆ ಹಗುರಾಗಿ ತಾಗಿಸಿಡಬೇಕು. ಎರಡನೆಯದು ಸಿಕ್ಕ ಜಾಗವನ್ನು ಚೀಟಿಯಲ್ಲಿ ಬರೆದಿಡಿ, ಮರುದಿನದ ರಿಫ್ ರಿಪೀಟರಿಗೆ ತುಂಡು ಆರಿಸುವುದು ಆ ಚೀಟಿಯಿಂದ.