ಅಪ್‌ಡೇಟ್ ಎಂದರೆ ಅಂಜುವ ಮಾವನಿಗೆ ಡೆಬಿಯನ್ ಹಾಕಿಕೊಟ್ಟದ್ದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಿವೃತ್ತ ಶಿಕ್ಷಕರಾದ ನನ್ನ ಸೋದರಮಾವನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕುವಂತಿರಲಿಲ್ಲವಾದ್ದರಿಂದ ಅವರು ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ಗೆ ಒಪ್ಪಿದರು. ಆದರೆ ಷರತ್ತು ಖಡಾಖಂಡಿತವಾಗಿತ್ತು: "ಅಪ್‌ಡೇಟ್ ಮಾಡಲಾ ಅಂತ ಅದು ನನ್ನ ಕೇಳಬಾರದು ಕಣಪ್ಪ. ಇವತ್ತು ಇದ್ದ ಬಟನ್ ನಾಳೆಯೂ ಅಲ್ಲೇ ಇರಬೇಕು."

ಅವರ ಅಂಜಿಕೆ ಭದ್ರತಾ ತಿದ್ದುಪಡಿಗಳ ಬಗ್ಗೆ ಅಲ್ಲ, ರೂಪ ಬದಲಾಗುವುದರ ಬಗ್ಗೆ ಎಂಬುದು ನನಗೆ ಸ್ಪಷ್ಟವಾಯಿತು. ಬ್ಯಾಂಕ್ ವ್ಯವಹಾರವನ್ನೂ ಅದರಲ್ಲೇ ಮಾಡುವವರಿಗೆ ಅಪ್‌ಡೇಟನ್ನೇ ನಿಲ್ಲಿಸಿಕೊಡುವುದು ಉಪಕಾರವಾಗದು. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದು, ಪ್ರತಿಯೊಂದಕ್ಕೂ ಸುಮಾರು 13 ತಿಂಗಳಷ್ಟೇ ಬೆಂಬಲವಿರುವ ಫೆಡೋರಾ ಇವರಿಗಲ್ಲ. ಹೊಸ ಹೊಸ ಬದಲಾವಣೆಗಳು ಬರುತ್ತಲೇ ಇರುವ ಆರ್ಚ್‌ನ ಮಾತೇ ಬೇಡ. ಲಿನಕ್ಸ್ ಮಿಂಟ್ ಒಳ್ಳೆಯ ಆಯ್ಕೆಯೇ, ಅದರಲ್ಲೂ ಸ್ವಯಂಚಾಲಿತ ಅಪ್‌ಡೇಟ್ ಇದೆ. ಆದರೂ ಕೊನೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಇರುವ ಡೆಬಿಯನ್ 13 ಆರಿಸಿದೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಇದಕ್ಕೆ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ ಸಿಗುತ್ತದೆ; ಅಷ್ಟು ಕಾಲವೂ ಬರುವುದು ಬಹುಪಾಲು ದೋಷ ಮತ್ತು ಭದ್ರತೆಯ ತಿದ್ದುಪಡಿಗಳೇ ಹೊರತು ಹೊಸ ವೇಷಗಳಲ್ಲ.

ಕೇಳದೆಯೇ ಅಪ್‌ಡೇಟ್ ಮಾಡುವ ಮುಖ್ಯ ಕೆಲಸ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ಪ್ಯಾಕೇಜಿನದು (ಪ್ಯಾಕೇಜ್ ಎಂದರೆ ಅಳವಡಿಸಿಕೊಳ್ಳುವ ತಂತ್ರಾಂಶದ ಕಟ್ಟು). ಅದನ್ನು ಸಕ್ರಿಯಗೊಳಿಸಿದ ಮೇಲೆ ಅಪ್‌ಡೇಟ್‌ಗಳ ಹೊಸ ಪಟ್ಟಿ ತರುವುದು, ಇಳಿಸುವುದು, ಅಳವಡಿಸುವುದು ಎಲ್ಲವೂ ಹಿನ್ನೆಲೆಯಲ್ಲೇ ನಡೆಯುತ್ತದೆ. ನಿಗದಿತ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ ಮತ್ತೆ ಆನ್ ಮಾಡಿದಾಗ ಆ ಕೆಲಸ ನಡೆಯುತ್ತದೆ. ತಾನಾಗಿ ರೀಬೂಟ್ ಆಗುವ ಆಯ್ಕೆ ಮೊದಲೇ ನಿಷ್ಕ್ರಿಯವಾಗಿರುತ್ತದೆ, ಅದನ್ನು ಹಾಗೆಯೇ ಬಿಟ್ಟೆ. ವ್ಯವಸ್ಥೆಯ ತಿರುಳಾದ ಕರ್ನಲ್‌ನ ತಿದ್ದುಪಡಿ ಜಾರಿಗೆ ಬರಲು ರೀಬೂಟ್ ಬೇಕೇ ಬೇಕು, ನಿಜ. ಆದರೆ ಮಾವ ರಾತ್ರಿ ಊಟಕ್ಕೆ ಏಳುವಾಗ ಲ್ಯಾಪ್‌ಟಾಪನ್ನು ತಪ್ಪದೆ ಆಫ್ ಮಾಡುವವರು, ಹಾಗಾಗಿ ಅದಕ್ಕೆ ಬೇರೆ ವ್ಯವಸ್ಥೆ ಬೇಕಾಗಲಿಲ್ಲ. ಅವರ ಖಾತೆಗೆ ಸುಡೋ, ಅಂದರೆ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ಕೊಡಲಿಲ್ಲ. ಅಪ್‌ಡೇಟ್ ಹಿನ್ನೆಲೆಯಲ್ಲೇ ನಡೆಯುವುದರಿಂದ ಅದಕ್ಕಾಗಿ ಪಾಸ್‌ವರ್ಡ್ ಕೇಳುವ ಕಿಟಕಿಗಳೂ ಅವರೆದುರು ಬರುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಕನ್ನಡದ ಕೆಲಸ. ಅವರ ಬೆರಳುಗಳಿಗೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೇ ಅಭ್ಯಾಸ. ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಎಂಬ ತಂತ್ರಾಂಶಕ್ಕೆ ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಸಂಗ್ರಹ ಸೇರಿಸಿದರೆ ಕೆಜಿಪಿ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಇವೆ. ಇಂದಿನ ಅಕ್ಷರ ಸಂಕೇತ ಕ್ರಮವಾದ ಯೂನಿಕೋಡ್‌ಗೆ ಮೊದಲಿನ, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದ ಕಡತಗಳನ್ನು ಮಾತ್ರ ಪರಿವರ್ತಿಸಿಯೇ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ತೆರೆಯಬೇಕಾಯಿತು.

ಷರತ್ತಿಗೆ ವಿನಾಯಿತಿಯಾಗಿ ಉಳಿದಿರುವುದು ಫೈರ್‌ಫಾಕ್ಸ್ ಬ್ರೌಸರ್ ಒಂದೇ. ಡೆಬಿಯನ್‌ನಲ್ಲಿರುವುದು ಅದರ ಇಎಸ್‌ಆರ್, ಅಂದರೆ ದೀರ್ಘ ಬೆಂಬಲದ ರೂಪ. ಫೈರ್‌ಫಾಕ್ಸ್ ತೆರೆದಿರುವಾಗಲೇ ಅದರ ಹೊಸ ಪ್ಯಾಕೇಜ್ ಬಂದು ಕೂತರೆ, ಮುಚ್ಚಿ ತೆರೆಯಿರಿ ಎಂದು ಅದು ಹೇಳುವುದುಂಟು. ವರ್ಷಕ್ಕೊಮ್ಮೆ ಇಎಸ್‌ಆರ್‌ನ ಮುಖ್ಯ ಆವೃತ್ತಿ ಬದಲಾದಾಗ ಅದರ ಮುಖಚಹರೆಯೂ ಸ್ವಲ್ಪ ಬದಲಾದೀತು. ಇವೆರಡನ್ನೂ ಮೊದಲೇ ಮಾವನಿಗೆ ತೋರಿಸಿ ಹೇಳಿದ್ದೇನೆ. ಡೆಬಿಯನ್‌ನ ಮುಂದಿನ ಆವೃತ್ತಿಗೆ ಹೋಗುವ ಕೆಲಸ ನನ್ನದು. ಆಗ ಊರಿಗೆ ಹೋಗಿ, ಅವರ ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡ ಮೇಲಷ್ಟೇ ಅದಕ್ಕೆ ಕೈಹಾಕುತ್ತೇನೆ.