ಹಕ್ಕಿಗಿಟ್ಟ ಬಾಳೆಹಣ್ಣು ರಾತ್ರಿ ತಿಂದಿದ್ದು ಯಾರು?

ನಮ್ಮ ಹಿತ್ತಿಲ ಪೇರಲೆ ಮರಕ್ಕೆ ಒಂದು ಅಡಿಕೆ ಹಾಳೆ ಕಟ್ಟಿದ್ದೇವೆ. ಬೆಳಗ್ಗೆ ಅದರಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ನವಣೆ ಇಡುವುದು ರೂಢಿ. ಪಿಕಳಾರ ಬರುತ್ತದೆ, ಕುಟ್ರುಹಕ್ಕಿ ಬರುತ್ತದೆ, ಅಳಿಲಂತೂ ದಿನವಿಡೀ ಅಲ್ಲೇ. ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ, ಸಂಜೆ ಉಳಿದಿದ್ದ ಹಣ್ಣೆಲ್ಲ ಖಾಲಿ. ಸಿಪ್ಪೆ ನೆಲದ ಮೇಲಿತ್ತು. ಹಾಳೆ ಒಂದು ಕಡೆಗೆ ವಾಲಿತ್ತು. ಪಕ್ಕದ ಮನೆಯವರು ‘ಉದ್ದ ಬಾಲ ನೋಡಿದೆ, ಚಿರತೆ ಮರಿ ಇರಬೇಕು’ ಅಂದರು. ಎದುರು ಮನೆಯವರಿಗೆ ಅದು ಹೆಗ್ಗಣವೇ, ಅನುಮಾನವೇ ಇಲ್ಲ.

ಹೆಸರು ಮೊದಲೇ ಇಟ್ಟುಬಿಟ್ಟರೆ ಆಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ಚಿರತೆ ಮರಿ ಅಂದರೆ ಸಾಕು, ಜನ ಕೋಲು ಹಿಡಿದು ಬರುತ್ತಾರೆ. ಹೆಗ್ಗಣ ಅಂದರೆ ವಿಷ ಇಡುತ್ತಾರೆ. ಎರಡರಲ್ಲೂ ಸಾಯುವುದು ಯಾವ ತಪ್ಪೂ ಮಾಡದ ಒಂದು ಪ್ರಾಣಿ. ಹಾಗಾಗಿ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಅದು ಬಿಟ್ಟುಹೋದ ಗುರುತುಗಳನ್ನು ನೋಡಿ. ನಾಲ್ಕೈದು ದಿನ ತಾಳ್ಮೆ ಇದ್ದರೆ ಸಾಕು, ದುಡ್ಡು ಖರ್ಚಿಲ್ಲ.

ಮೊದಲ ಕೆಲಸ: ಹೊತ್ತು ಗೊತ್ತು ಮಾಡಿಕೊಳ್ಳಿ

ಸಂಜೆ ಆರಕ್ಕೆ ಹಾಳೆಯ ಫೋಟೊ ತೆಗೆಯಿರಿ. ಮಲಗುವ ಮುಂಚೆ ಒಂದು, ಬೆಳಗ್ಗೆ ಬೆಳಕು ಹರಿಯುವಾಗ ಇನ್ನೊಂದು. ಹಣ್ಣು ಯಾವಾಗ ಹೋಯಿತು ಅನ್ನುವುದು ಇದರಲ್ಲೇ ಸಿಗುತ್ತದೆ. ಅನುಮಾನದ ಪಟ್ಟಿ ಇಲ್ಲೇ ಚಿಕ್ಕದಾಗುತ್ತದೆ. ಅಳಿಲು, ಮುಂಗುಸಿ ಹಗಲಿನವು. ಇಲಿ, ಹೆಗ್ಗಣ, ಸೊಂಡಿಲಿ, ಬಾವಲಿ, ಕಬ್ಬೆಕ್ಕು, ಪುನುಗು ಬೆಕ್ಕು, ಕಾಡುಪಾಪ ಇವೆಲ್ಲ ಹೆಚ್ಚಾಗಿ ರಾತ್ರಿಯವು.

ಹಾಳೆ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ನಮ್ಮದು ನೆಲದಿಂದ ಐದು ಅಡಿ. ಅಷ್ಟು ಎತ್ತರದ ತೂಗಾಡುವ ಹಾಳೆಗೆ ಹತ್ತಿ ಇಳಿಯುವುದು ಹೆಗ್ಗಣಕ್ಕೆ ಸುಲಭದ ಮಾತಲ್ಲ. ಅದು ನೆಲ ಅಗೆಯುವ ಪ್ರಾಣಿ. ಕೆಳಗೆ ಉದುರಿದ ನವಣೆ ಮಾತ್ರ ಖಾಲಿಯಾಗಿದ್ದರೆ ಆಗ ಹೆಗ್ಗಣವನ್ನು ನೆನೆಯಬಹುದು.

ಎರಡನೆಯದು: ಬೆರಳು ಎಣಿಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಒಂದು ನುಣುಪಾದ ಟೈಲ್ಸ್ ತುಂಡು ತೆಗೆದುಕೊಳ್ಳಿ, ಗಾಢ ಬಣ್ಣದ್ದಾದರೆ ಒಳ್ಳೆಯದು. ಅದರ ಮೇಲೆ ಒಲೆಯ ಬೂದಿಯನ್ನು ಟೀ ಸೋಸುವ ಜರಡಿಯಿಂದ ತೆಳ್ಳಗೆ ಉದುರಿಸಿ. ಪ್ರಾಣಿ ಹಾಯಲೇಬೇಕಾದ ಜಾಗದಲ್ಲಿ ಇಡಿ: ಮರದ ಬುಡ, ಕಾಂಪೌಂಡ್ ಗೋಡೆಯ ತಲೆ, ನೀರಿನ ಪೈಪ್ ಇಳಿಯುವ ಮೂಲೆ. ನಾನು ಮೊದಲ ರಾತ್ರಿ ರಾಗಿ ಹಿಟ್ಟು ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಇರುವೆ ಸಾಲುಗಟ್ಟಿ ಎಲ್ಲ ಕಲಕಿ ಹೋಗಿತ್ತು. ಬೂದಿಗೆ ಆ ಕಾಟ ಇಲ್ಲ. ಪದರ ದಪ್ಪ ಆಗಬಾರದು. ದಪ್ಪವಾದರೆ ಹೆಜ್ಜೆಯ ಅಂಚು ಕುಸಿಯುತ್ತದೆ.

ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಹೆಜ್ಜೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಆಮೇಲೆ ಬೆರಳು ಎಣಿಸಿ.

ಇಲಿ, ಹೆಗ್ಗಣ, ಅಳಿಲು ಮೂರಕ್ಕೂ ಮುಂಗಾಲಿನಲ್ಲಿ ನಾಲ್ಕು ಬೆರಳಿನ ಗುರುತು, ಹಿಂಗಾಲಿನಲ್ಲಿ ಐದು. ಸೊಂಡಿಲಿಗೆ ಹಿಂದೆಯೂ ಐದು, ಮುಂದೆಯೂ ಐದು, ಆದರೆ ಹೆಜ್ಜೆ ತೀರಾ ಪುಟ್ಟದು. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು, ಉಗುರು ಮೂಡುವುದಿಲ್ಲ, ಏಕೆಂದರೆ ನಡೆಯುವಾಗ ಅದು ಉಗುರನ್ನು ಒಳಗೆಳೆದುಕೊಳ್ಳುತ್ತದೆ. ಕಬ್ಬೆಕ್ಕಿನ ಕಾಲಿಗೆ ಐದು ಬೆರಳು. ಅದಕ್ಕೆ ಬೆಕ್ಕು ಅಂತ ಹೆಸರಿದ್ದರೂ ಬೆಕ್ಕಿನ ಕುಟುಂಬದ್ದಲ್ಲ, ಪುನುಗಿನ ಕುಟುಂಬದ್ದು. ಮುಂಗುಸಿಗೂ ಐದು ಬೆರಳು, ಮುಂದೆ ಚುಕ್ಕಿ ಇಟ್ಟ ಹಾಗೆ ಉಗುರಿನ ಗುರುತು.

ನಮ್ಮ ಟೈಲ್ಸ್ ಮೇಲೆ ಎರಡನೇ ರಾತ್ರಿ ಸಿಕ್ಕಿದ್ದು ಒಂದೇ ಒಂದು ಪೂರ್ತಿ ಹೆಜ್ಜೆ. ಬೆಕ್ಕಿನದಕ್ಕಿಂತ ಕೊಂಚ ಅಗಲ. ಬೂದಿಯಲ್ಲಿ ಅಂಗಾಲು ಒತ್ತಿದ ಗುರುತು ಮೆತ್ತಗೆ, ಗುಂಡಗೆ ಇತ್ತು. ಬೆರಳು ಎಣಿಸಿದೆ. ನಾಲ್ಕು ಬಂತು. ಟಾರ್ಚನ್ನು ನೆಲದ ಮಟ್ಟಕ್ಕೆ ಇಳಿಸಿ ಅಡ್ಡ ಬೆಳಕು ಬಿಟ್ಟಾಗ ಒಳಬದಿಯಲ್ಲಿ ಐದನೆಯದು ಕಂಡಿತು, ಕಡಲೆಬೇಳೆಯಷ್ಟು ಒಂದು ತಗ್ಗು. ಚಿರತೆ ಮರಿಯ ಮಾತು ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಚಿರತೆಯ ಹೆಜ್ಜೆಯಲ್ಲೂ ನಾಲ್ಕೇ ಬೆರಳು ಮೂಡುವುದು.

ಮೂರನೆಯದು: ಉಂಡ ರೀತಿ, ಹಿಕ್ಕೆ

ತಿಂದುಳಿದ ಹಣ್ಣನ್ನು ತಕ್ಷಣ ಎಸೆಯಬೇಡಿ. ಇಲಿ, ಅಳಿಲು ಕಚ್ಚಿದರೆ ಎರಡು ಹಲ್ಲಿನ ಜೋಡಿ ಗೀರು, ಉಳಿಯಿಂದ ಕೆತ್ತಿದ ಹಾಗೆ. ಬಾವಲಿ ಹಣ್ಣನ್ನು ಅಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಒಣಗಿದ ಚಪ್ಪಟೆ ಉಂಡೆಗಳು ಕೆಳಗೆ ಬಿದ್ದಿರುತ್ತವೆ, ಗೋಡೆಯ ಮೇಲೆ ಕಲೆ ಹಾರಿರುತ್ತದೆ. ಕಬ್ಬೆಕ್ಕು ಹಣ್ಣನ್ನು ದೊಡ್ಡ ತುತ್ತಾಗಿ ನುಂಗಿ ಸಿಪ್ಪೆ ಬಿಡುತ್ತದೆ.

ಹಿಕ್ಕೆ ಇನ್ನೂ ಸ್ಪಷ್ಟ. ಕಬ್ಬೆಕ್ಕು ಹಣ್ಣಿನ ಬೀಜವನ್ನು ಅರಗಿಸಿಕೊಳ್ಳುವುದಿಲ್ಲ. ಬೈನೆ ಬೀಜ, ಗಸಗಸೆ ಮರದ ಹಣ್ಣಿನ ಸಣ್ಣ ಬೀಜ, ತೋಟದ ಕಡೆಯಾದರೆ ಕಾಫಿ ಬೀಜ ಹಾಗೇ ಇಡಿಯಾಗಿ ಹೊರಬರುತ್ತವೆ. ಅದು ಹಿಕ್ಕೆ ಹಾಕುವುದೂ ಬಯಲು ಜಾಗದಲ್ಲೇ ಜಾಸ್ತಿ: ಗೋಡೆಯ ಮೇಲೆ, ತಾರಸಿಯಲ್ಲಿ, ಬಿದ್ದ ಮರದ ದಿಮ್ಮಿಯ ಮೇಲೆ. ಕಡ್ಡಿಯಿಂದ ಕೆದಕಿ ನೋಡಿ, ಕೈಯಿಂದ ಬೇಡ.

ನಾಲ್ಕನೆಯದು: ಈಗ ಮುಖ ನೋಡಿ

ಹಳೆಯ ಫೋನ್ ಇದ್ದರೆ ಕಿಟಕಿಯ ಒಳಗಿಂದ ಹಾಳೆಯ ಕಡೆ ತಿರುಗಿಸಿ, ಚಾರ್ಜರ್ ಹಾಕಿ, ವಿಡಿಯೊ ಓಡಲು ಬಿಡಿ. ಹೊರಗೆ ಮಂದ ದೀಪ ಇದ್ದರೆ ಸಾಕು. ಫ್ಲ್ಯಾಶ್ ಬೇಡವೇ ಬೇಡ. ಕತ್ತಲಿಗೆ ಹೊಂದಿಕೊಂಡ ಆ ಕಣ್ಣುಗಳಿಗೆ ಅದು ಹಿಂಸೆ. ಟಾರ್ಚ್ ಹಿಡಿಯಲೇಬೇಕಾದರೆ ಅದಕ್ಕೆ ಕೆಂಪು ಜಿಲಟಿನ್ ಕಾಗದ ಸುತ್ತಿ.

ವಿಡಿಯೊದಲ್ಲಿ ಮೊದಲು ಬಾಲ ನೋಡಿ. ಪುನುಗು ಬೆಕ್ಕಿನ ಬಾಲದಲ್ಲಿ ಕಪ್ಪು ಬಿಳಿ ಬಳೆಗಳು ಸಾಲಾಗಿರುತ್ತವೆ. ಅದು ನೆಲದ ಮೇಲೆ ಓಡಾಡುವುದೇ ಹೆಚ್ಚು. ಕಬ್ಬೆಕ್ಕಿನ ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ, ಕಪ್ಪು, ಬಳೆ ಇಲ್ಲ. ಮುಖಕ್ಕೆ ಮುಖವಾಡ ಹಾಕಿದ ಹಾಗೆ ಕಪ್ಪು, ಕಣ್ಣಿನ ಕೆಳಗೆ ಬಿಳಿ ಮಚ್ಚೆ. ತೂಕ ಎರಡರಿಂದ ಐದು ಕಿಲೊ. ಮನೆ ಇಲಿಯ ಬಾಲ ಮೈಗಿಂತ ಉದ್ದ, ಹೆಗ್ಗಣದ್ದು ಮೈಗಿಂತ ಗಿಡ್ಡ. ಬಾಲವೇ ಇಲ್ಲದೆ, ಗುಂಡು ಕಣ್ಣು ಬಿಟ್ಟು, ಕೊಂಬೆ ಹಿಡಿದು ನಿಧಾನಕ್ಕೆ ಸರಿಯುತ್ತಿದ್ದರೆ ಅದು ಕಾಡುಪಾಪ. ಅದು ಹೆಚ್ಚಾಗಿ ಹುಳಹುಪ್ಪಟೆ ತಿನ್ನುವಂಥದ್ದು, ಬಾಳೆಹಣ್ಣಿಗಿಂತ ದೀಪಕ್ಕೆ ಬಂದ ಹುಳದ ಆಸೆಗೇ ಬಂದಿರುತ್ತದೆ.

ಸೊಂಡಿಲಿಯನ್ನು ಇಲಿ ಅಂದುಕೊಂಡು ಕೊಲ್ಲುವವರು ಬಹಳ. ಅದು ಇಲಿಯ ಜಾತಿಯೇ ಅಲ್ಲ. ಚೂಪು ಮೂತಿ, ಸಣ್ಣ ಕಣ್ಣು, ಗೋಡೆ ಬದಿಗೇ ಓಟ, ಚಿಕ್ ಚಿಕ್ ಸದ್ದು, ಮೂಗಿಗೆ ಹೊಡೆಯುವ ಕಮಟು ವಾಸನೆ. ಕಾಳಿಗಿಂತ ಜಿರಲೆಯೇ ಅದಕ್ಕೆ ಇಷ್ಟ. ತಾಯಿಯ ಹಿಂದೆ ಮರಿಗಳು ಒಂದರ ಹಿಂಭಾಗ ಇನ್ನೊಂದು ಕಚ್ಚಿಕೊಂಡು ರೈಲಿನ ಹಾಗೆ ಹೋಗುವುದನ್ನು ಒಮ್ಮೆ ನೋಡಿದವರು ಮತ್ತೆ ಅದಕ್ಕೆ ಬೋನು ಇಡಲಾರರು.

ಹಗಲಿನಲ್ಲಿ ಗೊಂದಲ ಆಗುವುದು ಅಳಿಲಿನ ವಿಷಯದಲ್ಲಿ. ಬೆಟ್ಟಗುಡ್ಡದ ಕುರುಚಲು ಕಾಡಿನ ಅಂಚಿನ ಮನೆಯಾದರೆ, ಬೆನ್ನ ಮೇಲೆ ಪಟ್ಟೆ ಇಲ್ಲದ, ಉದ್ದ ಮೂತಿಯ, ಭುಜದ ಹತ್ತಿರ ಮಾತ್ರ ಒಂದು ತಿಳಿ ಗೆರೆ ಇರುವ ‘ಅಳಿಲು’ ಕಾಣಬಹುದು. ಅದು ಮರಮೂಗಿಲಿ, ಅಳಿಲಿನ ಹಾಗೆ ಕಂಡರೂ ಬೇರೆಯೇ ಪ್ರಾಣಿ. ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಕಂಡರೆ ಪಟ್ಟನೆ ಫೋಟೊ ತೆಗೆಯಿರಿ.

ಐದನೆಯದು: ಕೇಳಿ, ಆದರೆ ಹೀಗೆ ಕೇಳಿ

ಇಷ್ಟಾದ ಮೇಲೂ ಅನುಮಾನ ಉಳಿದರೆ, ಜೀವಿಗಳನ್ನು ಗುರುತಿಸಲು ನೆರವಾಗುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಫೋಟೊ ಹಾಕಿ. ಬಲ್ಲವರು ನೋಡಿ ಹೇಳುತ್ತಾರೆ. ಬರೀ ‘ಇದೇನು?’ ಅಂತ ಕೇಳಬೇಡಿ. ಊರು, ತಿಂಗಳು, ಹೊತ್ತು, ಎತ್ತರ, ಬೆರಳ ಲೆಕ್ಕ, ಅಳತೆಯ ಪೊಟ್ಟಣ ಇಟ್ಟ ಫೋಟೊ ಎಲ್ಲ ಸೇರಿಸಿ. ಕಾಡುಪಾಪವಾದರೆ ಮಾತ್ರ ಜಾಗವನ್ನು ಮುಚ್ಚಿಡಿ. ವಾಮಾಚಾರಕ್ಕೆ ಅಂತ ಅದನ್ನು ಹಿಡಿಯುವವರು ಈಗಲೂ ಇದ್ದಾರೆ, ಮನೆಯ ವಿಳಾಸ ಅವರ ಕೈಗೆ ಸಿಗಬಾರದು.

ಹಿಡಿಯಲು, ಮುಟ್ಟಲು ಹೋಗಬೇಡಿ. ಕಬ್ಬೆಕ್ಕು, ಪುನುಗು ಬೆಕ್ಕು, ಕಾಡುಪಾಪ, ಮುಂಗುಸಿ ಎಲ್ಲವೂ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಡಿ ಬರುತ್ತವೆ. ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಇಲಿ ಓಡಾಡಿದ ತಟ್ಟೆಯನ್ನು ಗ್ಲೌಸ್ ಇಲ್ಲದೆ ತೊಳೆಯಬೇಡಿ. ಇಲಿ ಜ್ವರ ಅದರ ಉಚ್ಚೆಯಿಂದ ಹರಡುತ್ತದೆ.

ನಮ್ಮ ವಿಡಿಯೊದಲ್ಲಿ ಅದು ಸಿಕ್ಕಿದ್ದು ನಾಲ್ಕನೇ ರಾತ್ರಿ, ಎರಡು ಗಂಟೆ ಹತ್ತು ನಿಮಿಷಕ್ಕೆ. ಪೈಪ್ ಹಿಡಿದು ಇಳಿದು, ಗೋಡೆಯ ಮೇಲೆ ಒಂದು ಕ್ಷಣ ನಿಂತು, ಪೇರಲೆ ಕೊಂಬೆಗೆ ದಾಟಿತು. ಕಪ್ಪು ಮುಖ, ಬಳೆ ಇಲ್ಲದ ಬಾಲ. ಕಬ್ಬೆಕ್ಕು. ಹಿಂಗಾಲಿನಲ್ಲಿ ಕೊಂಬೆ ಹಿಡಿದು, ಮೈಯನ್ನು ಕೆಳಗೆ ಇಳಿಬಿಟ್ಟು, ಹಾಳೆಯ ಅಂಚನ್ನು ಮುಂಗಾಲಿನಿಂದ ಎಳೆದುಕೊಂಡಿತು. ಹಾಳೆ ಯಾಕೆ ವಾಲುತ್ತಿತ್ತು ಅಂತ ಆಗ ಗೊತ್ತಾಯಿತು. ಪಕ್ಕದ ಮನೆಯವರಿಗೆ ತೋರಿಸಿದೆ. ಮೂರು ಸಲ ಹಿಂದಕ್ಕೆ ಹಾಕಿ ನೋಡಿದರು. ಉದ್ದ ಬಾಲ ಅಂತ ಅವರು ಹೇಳಿದ್ದು ಸುಳ್ಳಲ್ಲ.

ಕೈತುತ್ತಿಗೆ ಒಗ್ಗಿದರೆ ಅದಕ್ಕೇ ಅಪಾಯ, ನಾಯಿಗಳ ಬಾಯಿಗೆ ಸಿಗುತ್ತದೆ. ಹಾಗಾಗಿ ಈಗ ಸಂಜೆ ಆರಕ್ಕೆ ಹಾಳೆಯನ್ನು ಬಿಚ್ಚಿ ಒಳಗೆ ತರುತ್ತೇವೆ. ಪೇರಲೆ ಹಣ್ಣಾಗುವ ಕಾಲಕ್ಕೆ ಅದು ಈಗಲೂ ಬರುತ್ತದೆ. ಗೋಡೆಯ ಮೇಲೆ ಬೀಜ ತುಂಬಿದ ಹಿಕ್ಕೆ ಬಿಟ್ಟು ಹೋಗಿರುತ್ತದೆ.