ಬೇಡವಾದ ಟೈಮ್‌ಶೇರ್ ಕೈಬಿಡುವುದು ಹೇಗೆ

ನಮ್ಮ ಮನೆಯಲ್ಲಿ ಒಂದು ಹಸಿರು ಫೈಲ್ ಇದೆ. ಹನ್ನೊಂದು ವರ್ಷ, ಪ್ರತಿ ಜನವರಿಯಲ್ಲಿ ಅದಕ್ಕೊಂದು ಬಿಲ್ ಸೇರುತ್ತಿತ್ತು. ರಜೆಗೆ ಹೋದಾಗ ಒಂದು ಮಧ್ಯಾಹ್ನ ಟೈಮ್‌ಶೇರ್ ಮಾರುವವರು ನಾಲ್ಕು ಗಂಟೆ ಹೊತ್ತು ಕೂರಿಸಿಕೊಂಡು ಮಾತಾಡಿದರು, ನಾನೂ ನಮ್ಮವರೂ ಸಹಿ ಹಾಕಿ ಎದ್ದು ಬಂದೆವು. ಟೈಮ್‌ಶೇರ್ ಎಂದರೆ ಅದೇ, ವರ್ಷಕ್ಕೊಂದು ವಾರ ರೆಸಾರ್ಟ್‌ನಲ್ಲಿ ಇರುವ ಹಕ್ಕು. ಹನ್ನೊಂದು ವರ್ಷದಲ್ಲಿ ನಾವು ಅಲ್ಲಿ ಉಳಿದದ್ದು ಮೂರೇ ಸಲ. ಬಿಲ್ ಮಾತ್ರ ಹನ್ನೊಂದು ಸಲವೂ ಬಂತು, ಪ್ರತಿ ಸಲ ಸ್ವಲ್ಪ ಜಾಸ್ತಿಯಾಗಿ. ಅದರಿಂದ ಹೊರಬರಲು ನಮಗೆ ಹತ್ತೊಂಬತ್ತು ತಿಂಗಳು ಬೇಕಾಯಿತು. ಅದರಲ್ಲಿ ಅರ್ಧ ಕಾಲ ಹಾಳಾದದ್ದು ತಪ್ಪು ಬಾಗಿಲು ತಟ್ಟಿದ್ದರಿಂದ. ನಿಮಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಕಷ್ಟದ ಮಾತು. ಕೊಟ್ಟ ದುಡ್ಡು ವಾಪಸ್ ಬರುತ್ತದೆ ಎಂಬ ಆಸೆಯನ್ನು ಬಿಡಿ. ಟೈಮ್‌ಶೇರ್ ಮನೆಯ ಹಾಗಲ್ಲ, ಸೈಟಿನ ಹಾಗೂ ಅಲ್ಲ. ಹೊಸದಾಗಿ ಮಾರುವಾಗ ಹೇಳುವ ಬೆಲೆಯಲ್ಲಿ ದೊಡ್ಡ ಪಾಲು ಮಾರಾಟದ ಖರ್ಚಿಗೇ ಹೋಗಿರುತ್ತದೆ: ಉಚಿತ ಊಟ, ಉಡುಗೊರೆ, ಏಜೆಂಟರ ಕಮಿಷನ್. ಎರಡನೇ ಕೈಗೆ ಬಂದಾಗ ಆ ಬೆಲೆ ಉಳಿಯುವುದಿಲ್ಲ. ಕೊಳ್ಳುವವನು ವಾರದ ಜೊತೆಗೆ ಪ್ರತಿ ವರ್ಷದ ಮೇಂಟೆನೆನ್ಸ್ ಬಿಲ್ಲನ್ನೂ, ಅಂದರೆ ರೆಸಾರ್ಟ್ ನಿರ್ವಹಣೆಯ ಖರ್ಚಿನ ಪಾಲನ್ನೂ, ಹೊರಬೇಕಲ್ವಾ? ಹಾಗಾಗಿ ಹೆಸರಿಗೊಂದು ಬೆಲೆ ಇಟ್ಟು, ವರ್ಗಾವಣೆಯ ಖರ್ಚನ್ನೂ ತಾವೇ ಕೊಡುತ್ತೇವೆ ಎಂದರೂ ಗಿರಾಕಿ ಸಿಗದವರು ಬಹಳ ಜನ. ಮುಂದಿನ ಬಿಲ್‌ಗಳನ್ನು ನಿಲ್ಲಿಸುವುದು ನಿಮ್ಮ ಗುರಿಯಾಗಲಿ. ಈ ಮಾತು ನಮ್ಮ ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅರ್ಧ ಬೆಲೆಗಾದರೂ ಹೋಗಲಿ ಎಂದು ಕಾದೆವು, ಕಾದಿದ್ದಕ್ಕೆ ಇನ್ನೊಂದು ಬಿಲ್ ಬಂತು.

ನೀವು ಸಹಿ ಹಾಕಿ ಇನ್ನೂ ಕೆಲವೇ ದಿನ ಆಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಈಗಲೇ ಒಪ್ಪಂದ ತೆಗೆದು, ಮನಸ್ಸು ಬದಲಿಸಲು ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಯುರೋಪಿಯನ್ ಒಕ್ಕೂಟದ 2008ರ ಟೈಮ್‌ಶೇರ್ ನಿಯಮದಂತೆ 14 ದಿನ ಇದೆ. ಆ 14 ದಿನದೊಳಗೆ ಮುಂಗಡ ತೆಗೆದುಕೊಳ್ಳುವುದಕ್ಕೂ ಅಲ್ಲಿ ನಿಷೇಧವಿದೆ. ರದ್ದತಿಯ ಫಾರಂ ಭರ್ತಿ ಮಾಡಿ ನಿಮಗೆ ಕೊಟ್ಟೇ ಇಲ್ಲವಾದರೆ ಅವಧಿ ಒಂದು ವರ್ಷ 14 ದಿನಕ್ಕೆ ಹಿಗ್ಗುತ್ತದೆ. ಬ್ರಿಟನ್ನಿನಲ್ಲೂ 14 ದಿನ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ: ಫ್ಲಾರಿಡಾದಲ್ಲಿ 10, ಕ್ಯಾಲಿಫೋರ್ನಿಯಾದಲ್ಲಿ 7, ನೆವಾಡಾದಲ್ಲಿ 5 ದಿನ. ಭಾರತದ ಮೆಂಬರ್‌ಶಿಪ್ ಆದರೆ ಒಪ್ಪಂದದಲ್ಲಿ ಬರೆದ ದಿನಗಳನ್ನೇ ಮೊದಲು ಹುಡುಕಿ.

ರದ್ದು ಮಾಡುವ ಪತ್ರ ಉದ್ದ ಬೇಕಿಲ್ಲ. ನಿಮ್ಮ ಹೆಸರು, ಒಪ್ಪಂದದ ಸಂಖ್ಯೆ, ಸಹಿ ಮಾಡಿದ ದಿನಾಂಕ, ಜಾಗದ ವಿವರ, ಆಮೇಲೆ ‘ಈ ಒಪ್ಪಂದವನ್ನು ರದ್ದು ಮಾಡುತ್ತಿದ್ದೇನೆ, ಕೊಟ್ಟ ಹಣ ವಾಪಸ್ ಮಾಡಿ’ ಎಂಬ ವಾಕ್ಯ. ಕಾರಣ ಹೇಳಬೇಡಿ. ಕಾರಣ ಹೇಳಿದರೆ ಅದಕ್ಕೊಂದು ಉತ್ತರ ಹೊಸೆಯುತ್ತಾರೆ. ಇಬ್ಬರು ಸಹಿ ಹಾಕಿದ್ದರೆ ಪತ್ರದಲ್ಲೂ ಇಬ್ಬರ ಸಹಿ ಇರಲಿ. ಯಾವ ವಿಳಾಸಕ್ಕೆ, ಯಾವ ರೀತಿ ಕಳಿಸಬೇಕು ಎಂದು ಒಪ್ಪಂದದಲ್ಲಿ ಹೇಳಿದೆಯೋ ಹಾಗೆಯೇ ಕಳಿಸಿ. ತಲುಪಿದ್ದಕ್ಕೆ ಸಹಿ ಬರುವಂಥ ಅಂಚೆಯಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಇಮೇಲ್ ಜೊತೆಗಿರಲಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ‘ಒಂದ್ಸಲ ಆಫೀಸಿಗೆ ಬನ್ನಿ, ಕೂತು ಮಾತಾಡೋಣ’ ಎಂದರೆ ಹೋಗಬೇಡಿ. ನಿಮ್ಮ ದಿನಗಳು ಅಲ್ಲೇ ಕಳೆದುಹೋಗುತ್ತವೆ.

ನಮ್ಮ ಹಾಗೆ ವರ್ಷಗಳು ಉರುಳಿದ್ದರೆ ಮೊದಲ ಕೆಲಸ ಒಪ್ಪಂದವನ್ನು ಕೂತು ಓದುವುದು. ನಾವು ಹನ್ನೊಂದು ವರ್ಷ ಅದನ್ನು ಪೂರ್ತಿ ಓದಿರಲಿಲ್ಲ. ಒಂದು ಭಾನುವಾರ ಪೆನ್ಸಿಲ್ ಹಿಡಿದು ಇಬ್ಬರೂ ಕೂತೆವು. ನಾಲ್ಕು ವಿಷಯ ಹುಡುಕಿ. ನಿಮ್ಮದು ಕ್ರಯಪತ್ರ ಇರುವ ಹಕ್ಕೋ, ಇಷ್ಟು ವರ್ಷ ಬಳಸುವ ಹಕ್ಕು ಮಾತ್ರವೋ, ಇಲ್ಲ ಪಾಯಿಂಟ್ಸೋ (ಗೊತ್ತಾದ ವಾರದ ಬದಲು ಅಂಕಗಳನ್ನು ಕೊಟ್ಟು, ಅವನ್ನು ಖರ್ಚು ಮಾಡಿ ಉಳಿಯುವ ವ್ಯವಸ್ಥೆ)? ಯಾವ ವರ್ಷ ಮುಗಿಯುತ್ತದೆ, ಅಥವಾ ಕೊನೆಯೇ ಇಲ್ಲವೋ? ಸಾಲದ ಕಂತು ಏನಾದರೂ ಉಳಿದಿದೆಯಾ? ಬೇರೆಯವರಿಗೆ ಬರೆದುಕೊಡಲು ಯಾರ ಒಪ್ಪಿಗೆ ಬೇಕು? ಕೊನೆಯಿಲ್ಲದ ಒಪ್ಪಂದ ಎಂದರೆ ಎಲ್ಲ ಕಡೆ ಸೋತೆವು ಎಂದಲ್ಲ. ಸ್ಪೇನಿನಲ್ಲಿ 1998ರ ಕಾನೂನು ಅವಧಿಯನ್ನು ಹೆಚ್ಚೆಂದರೆ 50 ವರ್ಷಕ್ಕೆ ಕಟ್ಟಿಹಾಕಿತು, ಅದನ್ನು ಮೀರಿದ ಒಪ್ಪಂದ ಊರ್ಜಿತವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ನಿಮ್ಮ ಒಪ್ಪಂದಕ್ಕೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂಬ ಸಾಲನ್ನು ಗುರುತು ಹಾಕಿಕೊಳ್ಳಿ, ಅದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಇರುತ್ತದೆ.

ಆಮೇಲೆ ನೇರ ಕಂಪನಿಯನ್ನೇ ಕೇಳಿ. ನಾವು ಎಲ್ಲರನ್ನೂ ಕೇಳಿ ಮುಗಿದ ಮೇಲೆ ಅವರ ಹತ್ತಿರ ಹೋದದ್ದು, ಅದೇ ದೊಡ್ಡ ತಪ್ಪು. ಎಷ್ಟೋ ಕಂಪನಿಗಳು ಹಳೆಯ ವಾರವನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿರುತ್ತವೆ, ಆದರೆ ಅದನ್ನು ಜಾಹೀರಾತು ಮಾಡುವುದಿಲ್ಲ. ‘ನನ್ನ ಹಕ್ಕನ್ನು ಕಂಪನಿಗೇ ಒಪ್ಪಿಸಬೇಕು, ಅದರ ವಿಧಾನ ಏನು?’ ಎಂದು ಕೇಳಿ. ‘ಸರೆಂಡರ್’ ಎಂಬ ಪದ ಬಳಸಿದರೆ ಬೇಗ ಅರ್ಥವಾಗುತ್ತದೆ. ನಾನು ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಅಂಥದ್ದು ಇಲ್ಲವೇ ಇಲ್ಲ ಎಂದರು. ಎರಡನೇ ಸಲ, ಹಳೆಯ ವಾರ ಕೊಟ್ಟು ಸ್ವಲ್ಪ ಹಣ ಸೇರಿಸಿದರೆ ಪಾಯಿಂಟ್ಸ್ ಕೊಡುತ್ತೇವೆ, ಪಾಯಿಂಟ್ಸ್ ಆದರೆ ಬೇಗ ಮಾರಾಟವಾಗುತ್ತದೆ ಎಂದರು. ಇದಕ್ಕೆ ದಯವಿಟ್ಟು ಒಪ್ಪಬೇಡಿ. ಹೊಸ ಸಹಿ ಎಂದರೆ ಹೊಸ ಒಪ್ಪಂದ, ಹೊಸ ಅವಧಿ, ಕೆಲವೊಮ್ಮೆ ಹೊಸ ಸಾಲ. ಮೂರನೇ ಸಲ ಮಾರಾಟ ವಿಭಾಗ ಬಿಟ್ಟು ಲೆಕ್ಕಪತ್ರ ವಿಭಾಗಕ್ಕೆ ಕೊಡಿ ಎಂದೆ. ಅಲ್ಲಿದ್ದ ಹೆಣ್ಣುಮಗಳು ಎರಡು ನಿಮಿಷದಲ್ಲಿ ಫಾರಂ ಕಳಿಸಿದಳು.

ಸಾಲ ತೀರಿರಬೇಕು, ಮೇಂಟೆನೆನ್ಸ್ ಬಾಕಿ ಇರಬಾರದು. ಇದು ಸಾಮಾನ್ಯವಾಗಿ ಎಲ್ಲ ಕಡೆ ಹಾಕುವ ಷರತ್ತು. ಕೆಲವರು ಬಿಡುಗಡೆಗೆ ಒಂದಿಷ್ಟು ಶುಲ್ಕವನ್ನೂ ಕೇಳುತ್ತಾರೆ, ಒಂದೆರಡು ವರ್ಷದ ಮೇಂಟೆನೆನ್ಸ್‌ನಷ್ಟು ಇರಬಹುದು. ನಮಗೂ ಕೇಳಿದರು. ಸಿಟ್ಟು ಬಂತು, ಆದರೆ ಒಪ್ಪಂದದಲ್ಲಿ ಇನ್ನೂ ಎಷ್ಟು ವರ್ಷ ಇದೆ ಎಂದು ಗುಣಿಸಿ ನೋಡಿದಾಗ ಕೊಟ್ಟು ಬಿಡುವುದೇ ಸರಿ ಎನಿಸಿತು. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದ್ದರೆ, ಕೆಲಸ ಹೋಗಿದ್ದರೆ, ವಯಸ್ಸಾಗಿ ಓಡಾಡಲು ಆಗದಿದ್ದರೆ ದಾಖಲೆ ಸಮೇತ ಬರೆಯಿರಿ. ಅಂಥವರಿಗೆ ಷರತ್ತು ಸಡಿಲಿಸುವುದುಂಟು.

ಮಾರಿಯೇ ನೋಡುತ್ತೇನೆ ಎನ್ನುವವರು ಮಾರಿ, ಬೇಡ ಎನ್ನುವುದಿಲ್ಲ. ಒಳ್ಳೆಯ ಜಾಗ, ಶಾಲೆಗೆ ರಜೆ ಇರುವ ವಾರ, ಕಡಿಮೆ ಮೇಂಟೆನೆನ್ಸ್, ಈ ಮೂರೂ ಇದ್ದರೆ ಒಂದಿಷ್ಟು ಬೆಲೆ ಬರಬಹುದು. ಬೆಲೆ ಇಡುವ ಮೊದಲು, ಅದೇ ರೆಸಾರ್ಟಿನ ವಾರಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ನೋಡಿ. ಜನ ಹಾಕಿಕೊಂಡಿರುವ ಬೆಲೆ ನೋಡಿದರೆ ಮೋಸ ಹೋಗುತ್ತೀರಿ. ಅದೇ ರೆಸಾರ್ಟಿನ ಇತರ ಸದಸ್ಯರನ್ನು ಕೇಳುವುದು ನನ್ನ ಪ್ರಕಾರ ಒಳ್ಳೆಯ ದಾರಿ, ಇನ್ನೊಂದು ವಾರ ಬೇಕು ಎನ್ನುವವರು ಅಲ್ಲಿಯೇ ಇರುತ್ತಾರೆ. ಎಷ್ಟೋ ಒಪ್ಪಂದಗಳಲ್ಲಿ ಕಂಪನಿಗೇ ಮೊದಲು ಕೊಳ್ಳುವ ಹಕ್ಕು ಇರುತ್ತದೆ, ಅವರು ಬೇಡ ಎಂದು ಬರೆದುಕೊಟ್ಟ ಮೇಲಷ್ಟೇ ಬೇರೆಯವರಿಗೆ. ಹಣ ಕೈಗೆ ಬಂದರೂ ಕೆಲಸ ಮುಗಿಯಲಿಲ್ಲ. ಕಂಪನಿಯ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಬಿಲ್ ನಿಮ್ಮದೇ.

ಗಿರಾಕಿ ಸಿಗುವವರೆಗೆ ವಾರವನ್ನು ಬಾಡಿಗೆಗೆ ಕೊಡಬಹುದು, ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇದ್ದರೆ. ಮೇಂಟೆನೆನ್ಸ್‌ನಷ್ಟು ಹುಟ್ಟಿದರೂ ಸಾಕು. ದಾನ ಕೊಡೋಣ ಎಂದರೆ ದತ್ತಿ ಸಂಸ್ಥೆಗಳು ಸಾಮಾನ್ಯವಾಗಿ ಬೇಡ ಎನ್ನುತ್ತವೆ, ಬಿಲ್ ಅವರಿಗೂ ಭಾರವೇ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಮಾರಲು ಹೊರಟಿದ್ದೀರಿ ಎಂದು ಗೊತ್ತಾದ ಕೂಡಲೇ ಫೋನ್ ಬರುತ್ತದೆ. ‘ನಿಮ್ಮ ವಾರಕ್ಕೆ ಗಿರಾಕಿ ರೆಡಿ ಇದ್ದಾನೆ, ಹೇಳಿದ ಬೆಲೆ ಕೊಡುತ್ತಾನೆ.’ ನಮಗೂ ಬಂತು. ಮರ್ಯಾದೆಯ ಮಾತು, ಕಾಗದದ ಮೇಲೆ ಮುದ್ರೆ, ಗಿರಾಕಿಯ ಹೆಸರು ಸಹಿತ ಒಪ್ಪಂದ. ಮೊದಲು ನೋಂದಣಿ ಶುಲ್ಕ ಎಂದರು, ನಮ್ಮವರು ಕಟ್ಟಿದರು. ಮೂರು ವಾರ ಕಳೆದು ತೆರಿಗೆ ಎಂದರು. ಅಷ್ಟು ಹೊತ್ತಿಗೆ ನನಗೆ ಅನುಮಾನ ಬಂದು, ಆ ತೆರಿಗೆಯನ್ನು ಗಿರಾಕಿ ಕೊಡುವ ಹಣದಲ್ಲೇ ಹಿಡಿದುಕೊಳ್ಳಿ ಎಂದೆ. ಅವತ್ತಿನಿಂದ ಆ ನಂಬರ್ ಹೋಗಲೇ ಇಲ್ಲ. ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ತಪ್ಪಲ್ಲ, ಇದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ. ಮೆಕ್ಸಿಕೋದಲ್ಲಿರುವ ಟೈಮ್‌ಶೇರ್‌ಗಳ ಹೆಸರಿನಲ್ಲಿ ನಡೆದ ಇಂಥ ವಂಚನೆಯಲ್ಲಿ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು 30 ಕೋಟಿ ಡಾಲರ್‌ನಷ್ಟು ಕಳೆದುಕೊಂಡರು ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿದೆ. ಇದರ ಹಿಂದೆ ಮಾದಕವಸ್ತು ಸಾಗಿಸುವ ಗುಂಪುಗಳೇ ಇದ್ದವು.

ಹಾಗಾಗಿ ಮಾರಾಟ ಆಗುವ ಮೊದಲು ಯಾರಿಗೂ ಹಣ ಕೊಡಬೇಡಿ. ನಿಜವಾದ ದಲ್ಲಾಳಿ ಮಾರಿದ ಮೇಲೆ, ಬಂದ ಹಣದಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ಯುರೋಪಿನ ಅದೇ ನಿಯಮ ಮರುಮಾರಾಟಕ್ಕೆ ಮುಂಗಡ ಪಡೆಯುವುದನ್ನು ನಿಷೇಧಿಸಿದೆ. ಒಮ್ಮೆ ಮೋಸ ಹೋದವರಿಗೆ ಇನ್ನೊಂದು ಫೋನ್ ಬರುತ್ತದೆ, ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ’ ಎಂದು, ಕೆಲವೊಮ್ಮೆ ಸರ್ಕಾರಿ ಅಧಿಕಾರಿಯ ಸೋಗಿನಲ್ಲಿ. ಅದಕ್ಕೂ ಮೊದಲು ಶುಲ್ಕ ಕೇಳುತ್ತಾರೆ. ಫೋನ್ ಇಟ್ಟುಬಿಡಿ.

‘ಒಪ್ಪಂದದಿಂದ ಬಿಡಿಸುತ್ತೇವೆ’ ಎನ್ನುವ ಸಂಸ್ಥೆಗಳೂ ಇವೆ. ದೊಡ್ಡ ಮೊತ್ತ ಮೊದಲೇ ತೆಗೆದುಕೊಂಡು, ಬಿಲ್ ಕಟ್ಟುವುದನ್ನು ನಿಲ್ಲಿಸಿ ಎಂದು ಹೇಳಿಕೊಡುತ್ತಾರೆ. ಸುಮ್ನೆ ಕಟ್ಟುವುದನ್ನು ನಿಲ್ಲಿಸಿದರೆ ಬಡ್ಡಿ ಏರುತ್ತದೆ, ವಸೂಲಿಯವರು ಬರುತ್ತಾರೆ, ನಿಮ್ಮ ಸಾಲದ ದಾಖಲೆಗೆ ಕಪ್ಪು ಚುಕ್ಕೆ ಬೀಳಬಹುದು. ಆ ಹಾದಿ ಹಿಡಿಯಲೇಬೇಕು ಎಂದರೆ ಮೊದಲು ನಿಮ್ಮದೇ ವಕೀಲರಿಗೆ ಒಪ್ಪಂದ ತೋರಿಸಿ.

ಮಾರುವಾಗ ಸುಳ್ಳು ಹೇಳಿದ್ದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇದ್ದರೆ ದೂರು ಕೊಡುವುದು ನಿಮ್ಮ ಹಕ್ಕು. ಭಾರತದಲ್ಲಿ 1915 ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಆದರೆ ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು. ಅವರು ಬಾಯಲ್ಲಿ ಹೇಳಿದ್ದು, ಕಾಗದದಲ್ಲಿ ಇರುವುದು, ಎರಡನ್ನೂ ಪಕ್ಕ ಪಕ್ಕ ಬರೆದಿಟ್ಟುಕೊಳ್ಳಿ.

ಅಪ್ಪ ಅಮ್ಮ ಬಿಟ್ಟುಹೋದ ಟೈಮ್‌ಶೇರ್ ಬಗ್ಗೆಯೂ ಕೆಲವರು ನನ್ನನ್ನು ಕೇಳಿದ್ದಾರೆ. ಎಷ್ಟೋ ಕಡೆ ವಾರಸುದಾರರು ಅದನ್ನು ಬೇಡ ಎನ್ನಬಹುದು. ಆದರೆ ಅದಕ್ಕೂ ಗಡುವು ಇರುತ್ತದೆ. ವಕೀಲರನ್ನು ಕೇಳುವವರೆಗೆ ಆ ವಾರವನ್ನು ಬಳಸಬೇಡಿ, ಅವರ ಬಿಲ್ಲನ್ನು ನಿಮ್ಮ ಹೆಸರಿನಲ್ಲಿ ಕಟ್ಟಬೇಡಿ. ಬಳಸಿದರೆ ಒಪ್ಪಿಕೊಂಡ ಹಾಗೆ ಆಗಬಹುದು. ತಂದೆ ತಾಯಿ ಬದುಕಿದ್ದರೆ ಈಗಲೇ ಕೂತು ಮಾತಾಡಿ, ಅವರ ಸಹಿ ಇರುವಾಗ ಬಿಡಿಸಿಕೊಳ್ಳುವುದು ಎಷ್ಟೋ ಸುಲಭ.

ನಮಗೆ ಬಿಡುಗಡೆಯ ಪತ್ರ ಬಂದದ್ದು ನವೆಂಬರಿನಲ್ಲಿ. ಅದರಲ್ಲಿ ಮೂರು ಸಾಲು ಇದೆಯೇ ಎಂದು ನೋಡಿದೆ: ಒಪ್ಪಂದ ಮುಗಿದಿದೆ, ಬಾಕಿ ಏನೂ ಇಲ್ಲ, ಮುಂದೆ ಯಾವ ಬಿಲ್ಲೂ ಬರುವುದಿಲ್ಲ. ಮೂರನೆಯದು ಇರಲಿಲ್ಲ. ಬರೆಸಿಕೊಂಡೆ. ಬ್ಯಾಂಕಿಗೆ ಹೋಗಿ ತಾನಾಗಿ ಹಣ ಕಡಿತವಾಗುವ ಆದೇಶ ನಿಲ್ಲಿಸಿದೆ. ಬೇರೆ ರೆಸಾರ್ಟಿಗೆ ವಾರ ಬದಲಿಸಿಕೊಡುವ ಸಂಸ್ಥೆಯ ಸದಸ್ಯತ್ವ ಪ್ರತ್ಯೇಕ, ಅದರ ಶುಲ್ಕವೂ ಪ್ರತ್ಯೇಕ. ಅದನ್ನೂ ರದ್ದು ಮಾಡಿಸಿದೆ. ಮುಂದಿನ ಜನವರಿ ಮುಗಿಯುವವರೆಗೆ ದಿನಾ ಅಂಚೆ ಡಬ್ಬಿ ನೋಡುತ್ತಿದ್ದೆ. ಬಿಲ್ ಬರಲಿಲ್ಲ. ಹಸಿರು ಫೈಲನ್ನು ಎಸೆದಿಲ್ಲ, ಬಿಡುಗಡೆಯ ಪತ್ರವನ್ನು ಎಲ್ಲಕ್ಕಿಂತ ಮೇಲೆ ಹಾಕಿ ಅಟ್ಟದಲ್ಲಿ ಇಟ್ಟಿದ್ದೇನೆ.